ಅಜ್ಜನ ಕಣ್ಣಿನ ಹೂವು, ನನ್ನ ಸೈಕಲ್ ಕನ್ನಡಕ

ಎಂಟನೇ ಕ್ಲಾಸಿನಲ್ಲೇ ನನ್ನ ಮೂಗಿನ ಮೇಲೆ ಕನ್ನಡಕ ಬಂದು ಕೂತಿತ್ತು. ಈಗ ಎಡಗಣ್ಣಿಗೆ ಮೈನಸ್ 6, ಬಲಗಣ್ಣಿಗೆ ಮೈನಸ್ 5.5. ಕನ್ನಡಕ ತೆಗೆದರೆ ಎದುರಿಗೆ ಬರ್ತಿರೋದು ಎಮ್ಮೆಯೋ ಬುಲೆಟ್ಟೋ ಅಂತ ಗೊತ್ತಾಗೋದು ಅದು ಪಕ್ಕಕ್ಕೆ ಬಂದಮೇಲೇ!

ಮೂರು ವರ್ಷದ ಹಿಂದೆ ಮನೆಯಿಂದಲೇ ಕೆಲಸ ಮಾಡುವ ಅವಕಾಶ ಸಿಕ್ಕಿತು. ಬೆಂಗಳೂರಿನ ಪಿಜಿ ಖಾಲಿ ಮಾಡಿ ಹಳಿಯಾಳದ ಹತ್ತಿರದ ನಮ್ಮೂರಿಗೆ ವಾಪಸ್ ಬಂದೆ. ಬೆಳಗಿನ ಹೊತ್ತು ಖಾಲಿ ರಸ್ತೆ, ಎರಡೂ ಕಡೆ ಗದ್ದೆ, ಮುಂದೆ ಕಾಡು. ಸೈಕಲ್ ಹುಚ್ಚು ಹಿಡಿಯೋಕೆ ಇನ್ನೇನು ಬೇಕು? ವಾರದ ದಿನಗಳಲ್ಲಿ ಊರ ಸುತ್ತ ಒಂದು ರೌಂಡ್, ಭಾನುವಾರ ದಾಂಡೇಲಿ. ಕಾಲಿನಲ್ಲಿ ಕಸುವು ಉಳಿದಿದ್ದರೆ ಗಣೇಶಗುಡಿ, ಜೋಯಿಡಾ ಕಡೆ.

ತಾಪತ್ರಯ ಒಂದೇ, ಕನ್ನಡಕ. ಬೇಸಿಗೆಯಲ್ಲಿ ಬೆವರಿಗೆ ಮೂಗಿನಿಂದ ಜಾರುತ್ತಿತ್ತು. ಮಳೆಗಾಲದಲ್ಲಿ ಗಾಜಿನ ಮೇಲೆ ಹನಿ. ದಿಬ್ಬ ಹತ್ತಿ ಒಂದು ನಿಮಿಷ ನಿಂತರೆ ಸಾಕು, ಮಂಜು ಮುಸುಕಿ ಏನೂ ಕಾಣ್ತಿರಲಿಲ್ಲ. ಹಿಂದಿನಿಂದ ಲಾರಿ ಬರುತ್ತಿದೆಯಾ ಅಂತ ಓರೆಗಣ್ಣಲ್ಲಿ ನೋಡಿದರೆ ಫ್ರೇಮಿನ ಆಚೆ ಎಲ್ಲಾ ಮಸುಕು. ಕೊನೆಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿಸಿಕೊಳ್ಳೋಣ ಅಂತ ಧಾರವಾಡದ ಒಂದು ಕಣ್ಣಿನ ಕ್ಲಿನಿಕ್ಕಿಗೆ ಹೋದೆ.

ಕನ್ನಡಕದ ಚೀಟಿ ತೋರಿಸಿದರೆ ಲೆನ್ಸ್ ಕೊಟ್ಟುಬಿಡ್ತಾರೆ ಅಂದುಕೊಂಡಿದ್ದೆ. ಹಾಗಲ್ಲವಂತೆ. ಕನ್ನಡಕ ಕಣ್ಣಿನಿಂದ ಸ್ವಲ್ಪ ದೂರ ಇರುತ್ತೆ, ಲೆನ್ಸ್ ಕಣ್ಣಿನ ಮೇಲೇ ಕೂರುತ್ತೆ. ಹಾಗಾಗಿ ನಂಬರ್ 4 ದಾಟಿದರೆ ಲೆಕ್ಕ ಬದಲಾಗುತ್ತದೆ. ನನ್ನ ಮೈನಸ್ 6, ಲೆನ್ಸಿನಲ್ಲಿ ಮೈನಸ್ 5.5 ಆಯಿತು. ಇದರ ಜೊತೆಗೆ ಕಣ್ಣಿನ ಉಬ್ಬಿಗೆ ಹೊಂದುವ ಬೇಸ್ ಕರ್ವ್, ಲೆನ್ಸಿನ ವ್ಯಾಸ ಬೇರೆ. ಅಡ್ಡನಂಬರ್, ಅಂದರೆ ಸಿಲಿಂಡರ್ ಪವರ್ ಇರುವವರಿಗೆ ಟೋರಿಕ್ ಅನ್ನುವ ಬೇರೆಯದೇ ಲೆನ್ಸ್ ಇದೆ. ಕಣ್ಣೀರು ಸಾಕಷ್ಟು ಇದೆಯಾ ಅಂತಲೂ ನೋಡಿದರು. ಸೈಕಲ್ ಮೇಲೆ ಗಾಳಿ ನೇರ ಮುಖಕ್ಕೆ ಹೊಡೆಯುವುದರಿಂದ ಲೆನ್ಸ್ ಬೇಗ ಒಣಗುತ್ತದೆ.

ತಿಂಗಳಿಡೀ ಬಳಸುವ ಲೆನ್ಸೋ, ದಿನಕ್ಕೊಂದು ಜೊತೆ ಹಾಕಿ ಎಸೆಯುವುದೋ? ನಾನು ಸೈಕಲ್ ದಿನಗಳಿಗೆ ಮಾತ್ರ ಹಾಕುವವಳು ಅಂದಾಗ ಅಲ್ಲಿದ್ದ ಮೇಡಂ ದಿನದ್ದೇ ಸರಿ ಅಂದರು. ತಿಂಗಳ ಲೆನ್ಸ್ ಅಗ್ಗ ಅನ್ನಿಸಿದರೂ ಅದಕ್ಕೆ ಸೊಲ್ಯೂಷನ್, ದಿನಾ ಉಜ್ಜಿ ತೊಳೆಯುವ ಕೆಲಸ, ಮೂರು ತಿಂಗಳಿಗೊಮ್ಮೆ ಹೊಸ ಡಬ್ಬಿ ಎಲ್ಲಾ ಬೇಕು. ದಿನದ್ದಕ್ಕೆ ಇದ್ಯಾವುದೂ ಇಲ್ಲ. ತಿಂಗಳಿಗೆ 8 ರೈಡ್ ಅಂದರೂ ಒಂದು ಕಣ್ಣಿಗೆ 30 ಲೆನ್ಸಿನ ಬಾಕ್ಸ್ ಹತ್ತಿರಹತ್ತಿರ ನಾಲ್ಕು ತಿಂಗಳು ಬರುತ್ತೆ. ಗಾಳಿ ಹೆಚ್ಚು ಆಡುವ ಸಿಲಿಕೋನ್ ಹೈಡ್ರೋಜೆಲ್ಲಿನದ್ದು ಆರಿಸಿಕೊಂಡೆ.

ಮೊದಲ ದಿನ ಲೆನ್ಸ್ ಹಾಕೋಕೆ ಮುಕ್ಕಾಲು ಗಂಟೆ. ರೆಪ್ಪೆ ಒಂದು ಕಡೆ, ಬೆರಳು ಒಂದು ಕಡೆ. ಅವ್ವ ಬಾಗಿಲಲ್ಲಿ ನಿಂತು, "ಕಣ್ಣಾಗ ಬಳ್ಳ ಹಾಕ್ಕೋತಾಳ ನೋಡ್ರಿ ಇಕಿ" ಅಂತ ಅಪ್ಪನ್ನ ಕರೆದಳು. ಆದರೆ ಆ ಭಾನುವಾರ ದಾಂಡೇಲಿ ರಸ್ತೆಗಿಳಿದಾಗ ಆದ ಖುಷಿ ಹೇಗೆ ಹೇಳಲಿ? ಫ್ರೇಮಿಲ್ಲದ ಲೋಕ! ತಲೆ ತಿರುಗಿಸದೇನೇ ಎರಡೂ ಪಕ್ಕದ ಸಾಗವಾನಿ ಮರಗಳು ಸ್ಪಷ್ಟ ಕಂಡವು.

ಆ ಖುಷಿಯಲ್ಲಿ ಒಂದು ವಿಷಯ ನನಗೆ ಹೊಳೆದಿರಲಿಲ್ಲ. ನಾನು ಬೈದುಕೊಂಡು ಹೊರುತ್ತಿದ್ದ ಆ ಕನ್ನಡಕ ಇಷ್ಟು ವರ್ಷ ನನ್ನ ಕಣ್ಣಿಗೆ ಗೋಡೆಯಾಗಿತ್ತು. ಅದನ್ನ ತೆಗೆದಿಟ್ಟು ನಾನೀಗ ಬರಿಗಣ್ಣಲ್ಲಿ ಓಡಾಡುತ್ತಿದ್ದೆ.

ಕಳೆದ ವರ್ಷ ಜನವರಿ. ಕಬ್ಬು ನುರಿಸುವ ಹಂಗಾಮು. ಹಳಿಯಾಳದ ಸುತ್ತ ಆಗ ರಸ್ತೆ ತುಂಬಾ ಕಬ್ಬು ಹೇರಿದ ಟ್ರಾಕ್ಟರುಗಳು, ಹಿಂದೆ ಎರಡೆರಡು ಟ್ರೇಲರ್. ದಾಂಡೇಲಿಯಿಂದ ವಾಪಸ್ ಬರುವಾಗ ಅಂಥದ್ದೊಂದನ್ನ ದಾಟೋಕೆ ಹೋದೆ. ಗಾಳಿಗೆ ರವದಿ ಹಾರಿ ಬಂತು. ಎಡಗಣ್ಣಿಗೆ ಸೂಜಿ ಚುಚ್ಚಿದ ಹಾಗಾಯಿತು. ಹೇಗೋ ಬ್ರೇಕ್ ಹಿಡಿದು ಪಕ್ಕಕ್ಕೆ ನಿಂತೆ.

ಆಮೇಲೆ ಮಾಡಿದ್ದೆಲ್ಲಾ ತಪ್ಪೇ. ಮೊದಲು ಗಸಗಸ ಉಜ್ಜಿದೆ. ಲೆನ್ಸ್ ತೆಗೆಯದೇ ಬಾಟಲಿ ನೀರು ಎರಚಿದೆ. ಮನೆಗೆ ಬಂದು ಲೆನ್ಸ್ ತೆಗೆದ ಮೇಲೂ ಚುಚ್ಚು ಹೋಗಲಿಲ್ಲ. ಮೆಡಿಕಲ್ ಶಾಪಿನಿಂದ ತಮ್ಮ ಒಂದು ಡ್ರಾಪ್ಸ್ ತಂದ. "ಕಣ್ಣು ಕೆಂಪಾಗೇತಿ ಅಂದೆ, ಇದನ್ನ ಕೊಟ್ರು" ಅಂದ. ಹಾಕಿದ ಸ್ವಲ್ಪ ಹೊತ್ತಿಗೆ ಕೆಂಪು ಇಳಿಯಿತು. ನಾಳೆ ಸರಿಹೋಗುತ್ತೆ ಅಂತ ಮಲಗಿದೆ.

ಎಬ್ಬಿಸಿದ್ದು ಅಜ್ಜ.

"ಏನ್ ಬಿತ್ತವಾ ಕಣ್ಣಾಗ?"

"ಕಬ್ಬಿನ ರವದಿ ಅಜ್ಜಾ. ಔಷಧ ಹಾಕೇನಿ. ಕಮ್ಮಿ ಆಗೇತಿ, ನಾಳೆ ನೋಡೋಣ."

ಅಜ್ಜ ಏನೂ ಮಾತಾಡಲಿಲ್ಲ. ಬಂದು ನನ್ನ ಮುಖದ ಎದುರು ಕೂತರು. ಅವರ ಬಲಗಣ್ಣಿನ ಕಪ್ಪುಗುಡ್ಡೆಯ ಮೇಲೆ ಬಿಳೀ ಕಲೆ ಇದೆ. ನಮ್ಮ ಕಡೆ ಅದಕ್ಕೆ ಕಣ್ಣಿಗೆ ಹೂವು ಬಿದ್ದಿದೆ ಅಂತಾರೆ. ಹುಟ್ಟಿದಾಗಿನಿಂದ ನೋಡಿದ್ದೇನೆ, ಯಾಕೆ ಅಂತ ಒಂದು ದಿನವೂ ಕೇಳಿರಲಿಲ್ಲ.

"ನಂಗೂ ಕಮ್ಮಿ ಆಗಿತ್ತು" ಅಂದರು. "ರಾಶಿ ಮಾಡೂ ಮುಂದ ಭತ್ತದ ಸುಂಕು ಬಿತ್ತು. ನಿಮ್ಮಜ್ಜಿ ಹರಳೆಣ್ಣಿ ಹಾಕಿದ್ಲು. ಸುಗ್ಗಿ ಬಿಟ್ಟು ದವಾಖಾನಿಗೆ ಯಾರ್ ಹೋಗ್ತಾರ ಅಂತ ಸುಮ್ನಾದೆ. ಎಂಟ್ ದಿನಕ್ಕ ಹೋದ್ರ, ತಡಾ ಆತು ಅಂದ್ರು. ನಾಳೆ ಬ್ಯಾಡ, ಏಳು."

ಅಪ್ಪ ಬೈಕ್ ತೆಗೆದರು. ಸಂಜೆಯೊಳಗೆ ಧಾರವಾಡದಲ್ಲಿದ್ದೆವು.

ಡಾಕ್ಟರ್ ಕಣ್ಣಿಗೆ ಹಳದಿ ಬಣ್ಣದ ಒಂದು ಪಟ್ಟಿ ತಾಗಿಸಿ ನೀಲಿ ಬೆಳಕು ಬಿಟ್ಟರು. ಕಾರ್ನಿಯಾದ ಮೇಲೆ ಗಾಯ ಇದ್ದ ಕಡೆ ಮಾತ್ರ ಬಣ್ಣ ಹಿಡಿದು ಹಸಿರಾಗಿ ಹೊಳೆಯುತ್ತದಂತೆ. ನನ್ನದರಲ್ಲಿ ಉದ್ದಕ್ಕೆ ಗೀರು. ಮೇಲಿನ ರೆಪ್ಪೆ ಮಗುಚಿದರೆ ಕೂದಲಿನಷ್ಟು ಸಣ್ಣ ನಾರು ಅಲ್ಲೇ ಅಂಟಿಕೊಂಡಿತ್ತು. ಪ್ರತಿ ಸಲ ಕಣ್ಣು ಮಿಟುಕಿಸಿದಾಗಲೂ ಅದು ಗೀರುತ್ತಾ ಇತ್ತು.

ನಾನು ತೋರಿಸಿದ ಡ್ರಾಪ್ಸ್ ಬಾಟಲಿ ನೋಡಿ ಅವರ ಮುಖ ಗಂಭೀರವಾಯಿತು. "ಎಷ್ಟು ಸಲ ಹಾಕಿದ್ರಿ?"

"ಒಂದೇ ಸಲ."

"ಇನ್ನು ಮುಟ್ಟಬೇಡಿ. ಇದರಲ್ಲಿ ಸ್ಟೆರಾಯ್ಡ್ ಇದೆ."

ಅವರು ಬಿಡಿಸಿ ಹೇಳಿದರು. ಹುಲ್ಲು, ಹೊಟ್ಟು, ಕಬ್ಬಿನ ಎಲೆ, ಇಂಥವು ಕಣ್ಣಿಗೆ ಗಾಯ ಮಾಡಿದರೆ ಜೊತೆಗೆ ಶಿಲೀಂಧ್ರವೂ ಒಳಗೆ ಹೋಗಬಹುದು. ರೈತಾಪಿ ಜನರಲ್ಲಿ ಕಾರ್ನಿಯಾ ಹುಣ್ಣಿಗೆ ದೊಡ್ಡ ಕಾರಣ ಇದೇ. ಸ್ಟೆರಾಯ್ಡ್ ಕೆಂಪು, ಉರಿ ಇಳಿಸುತ್ತೆ, ವಾಸಿಯಾಯಿತು ಅನ್ನಿಸುತ್ತೆ. ಒಳಗೆ ಶಿಲೀಂಧ್ರ ಇದ್ದರೆ ಮಾತ್ರ ಅದು ಇನ್ನಷ್ಟು ಬೆಳೆಯುತ್ತೆ. ಹುಣ್ಣು ಮಾಗಿದರೂ ಕಲೆ ಉಳಿಯುತ್ತೆ. ಅದೇ ಅಜ್ಜನ ಹೂವು. ಅಷ್ಟು ಚಂದದ ಹೆಸರು ಅಂಥಾ ಕಲೆಗೆ ಯಾರಿಟ್ಟರೋ!

ಮರುದಿನ, ಮೂರನೇ ದಿನ, ವಾರ ಬಿಟ್ಟು ಮತ್ತೆ ತಪಾಸಣೆ. ಹುಣ್ಣಾಗಲಿಲ್ಲ. ಮೂರು ವಾರ ಲೆನ್ಸ್ ಇಲ್ಲ, ಸೈಕಲ್ಲೂ ಇಲ್ಲ.

ಕೊನೆಯ ತಪಾಸಣೆಯ ದಿನ ಡಾಕ್ಟರ್ ಒಂದು ಮಾತು ಹೇಳಿದರು. "ಲೆನ್ಸ್ ನೋಡೋಕೆ. ಕಾಯೋಕೆ ಕನ್ನಡಕ ಬೇರೆ ಬೇಕು." ಅಲ್ಲಿಂದ ಶುರುವಾಯಿತು ರೈಡಿಂಗ್ ಕನ್ನಡಕದ ಹುಡುಕಾಟ. ನಾನು ಕಲಿತದ್ದು ನಿಮಗೂ ಉಪಯೋಗಕ್ಕೆ ಬಂದೀತು.

ಗಾಜಿನದ್ದು ಬೇಡ, ಪಾಲಿಕಾರ್ಬೊನೇಟ್ ಇರಲಿ. ಕಲ್ಲು ಬಡಿದರೂ ಸುಲಭಕ್ಕೆ ಒಡೆದು ಚೂರಾಗಲ್ಲ. ಯುವಿ 400 ಅಂತ ಬರೆದಿದೆಯಾ ನೋಡಿ. ಕಪ್ಪಗಿದ್ದ ಮಾತ್ರಕ್ಕೆ ರಕ್ಷಣೆ ಅಲ್ಲ. ಯುವಿ ತಡೆಯದ ಕಪ್ಪು ಗಾಗಲ್ ಹಾಕಿದರೆ ಕಣ್ಣಿನ ಪಾಪೆ ಅಗಲವಾಗಿ ಇನ್ನೂ ಹೆಚ್ಚು ಕಿರಣ ಒಳಗೆ ಹೋಗುತ್ತೆ. ಫ್ರೇಮ್ ಕಪಾಲದವರೆಗೂ ಬಾಗಿರಬೇಕು. ನಾನು ಅಂಗಡಿಯ ಟೇಬಲ್ ಫ್ಯಾನ್ ಮುಂದೆ ಹೆಲ್ಮೆಟ್ ಹಾಕಿಕೊಂಡೇ ನಿಂತು ನೋಡಿದೆ. ಕಣ್ಣಿನ ಮೂಲೆಗೆ ಗಾಳಿ ತಾಗಿದರೆ ಆ ಫ್ರೇಮ್ ವಾಪಸ್! ಅಂಗಡಿಯವರು ನಕ್ಕರು, ನಗಲಿ. ಹಾಗಂತ ಪೂರ್ತಿ ಮುಚ್ಚಿದರೆ ಮಂಜು ಕಟ್ಟುತ್ತೆ, ಮೇಲೆ ಸಣ್ಣ ಗಾಳಿಕಿಂಡಿ ಬೇಕು.

ಬಣ್ಣದ ವಿಚಾರ ನಮ್ಮ ರಸ್ತೆಗಳೇ ಹೇಳಿಕೊಟ್ಟವು. ಗಣೇಶಗುಡಿ ದಾರಿಯಲ್ಲಿ ಕಾಡಿನ ನೆರಳು ಬಿಸಿಲು ಕಣ್ಣುಮುಚ್ಚಾಲೆ ಆಡುತ್ತವೆ. ಅಲ್ಲಿ ಕಪ್ಪು ಗಾಗಲ್ ಹಾಕಿದರೆ ನೆರಳಿನ ಗುಂಡಿ ಕಾಣಲ್ಲ. ಮುಂಡಗೋಡಿನ ಟಿಬೆಟನ್ ಕ್ಯಾಂಪಿನ ಸುತ್ತ ಬಯಲು ಗದ್ದೆ, ಬಿಸಿಲು ಸೀದಾ ಕಣ್ಣಿಗೆ. ಅದಕ್ಕೇ ಬೆಳಕಿಗೆ ತಕ್ಕಂತೆ ಬಣ್ಣ ಬದಲಿಸುವ ಫೋಟೋಕ್ರೋಮಿಕ್ ತಗೊಂಡೆ. ಬಜೆಟ್ ಕಮ್ಮಿ ಇದ್ದರೆ ಪಾರದರ್ಶಕ ಲೆನ್ಸಿನದ್ದೇ ಸಾಕು.

ಲೆನ್ಸ್ ಒಗ್ಗದವರು ಬೇಸರ ಮಾಡಿಕೊಳ್ಳಬೇಡಿ. ನಂಬರ್ ಹಾಕಿಸಿದ ಪಾಲಿಕಾರ್ಬೊನೇಟ್ ಸ್ಪೋರ್ಟ್ಸ್ ಕನ್ನಡಕಗಳೂ ಸಿಗುತ್ತವೆ. ಲೆನ್ಸ್ ಹಾಕುವವರು ಕೈ ತೊಳೆದು ಒರೆಸಿಕೊಂಡೇ ಮುಟ್ಟಿ. ಅದನ್ನ ಹಾಕಿಕೊಂಡು ನಿದ್ದೆ ಮಾಡಬೇಡಿ. ಹಾಗೆಯೇ ರೈಡ್ ಮುಗಿಸಿ ಕಾಳಿ ನದಿಗೆ ರಾಫ್ಟಿಂಗಿಗೆ ಇಳಿಯಲೂಬೇಡಿ. ಹೊಳೆ ನೀರು, ನಲ್ಲಿ ನೀರು ಎರಡರಲ್ಲೂ ಅಕಾಂತಮೀಬಾ ಎಂಬ ಜೀವಿ ಇರಬಹುದು, ಲೆನ್ಸಿನ ಅಡಿ ಸೇರಿದರೆ ಕಣ್ಣಿಗೇ ಸಂಚಕಾರ. ನನ್ನ ಸೈಕಲ್ ಚೀಲದಲ್ಲಿ ಈಗ ಪಂಕ್ಚರ್ ಕಿಟ್ ಜೊತೆ ಒಂದು ಜೊತೆ ಹೊಸ ಲೆನ್ಸ್, ಡಾಕ್ಟರ್ ಬರೆದುಕೊಟ್ಟ ಕಣ್ಣೀರಿನ ಡ್ರಾಪ್ಸ್, ಹಳೇ ಕನ್ನಡಕ ಇದ್ದೇ ಇರುತ್ತೆ.

ಅಂದು ಅಂಗಡಿಯಲ್ಲಿ ನಾನು ಎರಡು ಕನ್ನಡಕ ತಗೊಂಡಿದ್ದೆ. ಇನ್ನೊಂದು ಪಾರದರ್ಶಕದ್ದು. ಸುಗ್ಗಿ ಬರುವವರೆಗೂ ಕಪಾಟಿನಲ್ಲೇ ಇತ್ತು. ರಾಶಿ ಮಷೀನ್ ಅಂಗಳಕ್ಕೆ ಬಂದ ದಿನ ಅಜ್ಜನ ಕೈಗೆ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿ, ಪೇಟದ ಕೆಳಗೆ ಸರಿಯಾಗಿ ಕೂರಿಸಿಕೊಂಡರು.

ಅವ್ವ ನಗು ತಡೆಯದೆ, "ಏನ್ ಮಾವಾರ, ಸಿನಿಮಾದಾಗ ಪಾರ್ಟ್ ಐತೇನ್ರಿ?" ಅಂದಳು.

"ಉಳಿದಿದ್ದು ಒಂದs ಐತೆಲ್ಲವಾ, ಜ್ವಾಕಿ ಮಾಡಬೇಕ" ಅಂದವರೇ ಅಜ್ಜ ಹೊಟ್ಟಿನ ಧೂಳಿನೊಳಗೆ ನಡೆದರು.