ನಾನು ಬರೆದುಕೊಟ್ಟ ಕಾಗದ

ಮಠದ ಪಾಠಶಾಲೆಯಲ್ಲಿ ಹನ್ನೆರಡು ವರ್ಷ ವ್ಯಾಕರಣವನ್ನೂ ವಚನ ಸಾಹಿತ್ಯವನ್ನೂ ಅಭ್ಯಸಿಸಿ ಊರಿಗೆ ಮರಳಿದ ನನಗೆ ಜನರು ಬಹು ಬೇಗನೆ ಹಿರಿತನದ ಪಟ್ಟ ಕಟ್ಟಿದರು. ಮನೆತನಗಳ ಮನಸ್ತಾಪ, ಗಂಡ ಹೆಂಡಿರ ವಿರಸ, ಅಣ್ಣ ತಮ್ಮಂದಿರ ಪಾಲು ಎಲ್ಲವೂ ಪಂಚರ ಕಟ್ಟೆಗೆ ಬರುತ್ತಿದ್ದವು. ಅಕ್ಷರ ದುಂಡಗಿದ್ದುದರಿಂದ ಪಂಚರ ತೀರ್ಮಾನವನ್ನು ಕಾಗದಕ್ಕಿಳಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಅದರಿಂದ ದೊರೆತ ಗೌರವವನ್ನು ನಾನು ಅನುಭವಿಸಿದ್ದೇನೆ. ಅದರಿಂದಾದ ಒಂದು ಅಪಚಾರವನ್ನು ಇಂದು ಓದುಗ ಬಂಧುಗಳ ಮುಂದೆ ನಿವೇದಿಸಿಕೊಳ್ಳಬೇಕಾಗಿದೆ.

2006ರ ಮಾತು. ಪರಿಚಿತ ಮನೆತನವೊಂದರ ಮಗಳು ಎರಡು ವರ್ಷದ ಕೂಸನ್ನು ಎತ್ತಿಕೊಂಡು ತವರಿಗೆ ಬಂದಿದ್ದಳು. ಕೂಡಿಸುವ ಪ್ರಯತ್ನಗಳೆಲ್ಲ ವಿಫಲವಾದವು. ಕೋರ್ಟು ಕಚೇರಿಯೆಂದರೆ ಮನೆತನದ ಮಾನ ಹೋಗುವುದೆಂದು ಎರಡೂ ಕಡೆಯ ಹಿರಿಯರು ನಿರ್ಧರಿಸಿದರು. ನಾನೂ ತಲೆಯಾಡಿಸಿದೆ. ಛಾಪಾ ಕಾಗದದ ಮೇಲೆ ಬಿಡುಗಡೆ ಪತ್ರ ಬರೆದೆ. ನಮ್ಮ ಕಡೆ ಇದನ್ನು ಸೋಡಚೀಟಿ ಎನ್ನುವುದುಂಟು. 'ಇನ್ನು ಮುಂದೆ ನನಗಾಗಲಿ ಮಗುವಿಗಾಗಲಿ ಯಾವ ಹಕ್ಕೂ ಇರುವುದಿಲ್ಲ' ಎಂಬ ಸಾಲನ್ನೂ ನಾನೇ ಬರೆದೆ. ಆಕೆ ಮಾತನಾಡದೆ ಸಹಿ ಮಾಡಿದಳು. ಆ ಮೌನವನ್ನು ನಾವು ಒಪ್ಪಿಗೆಯೆಂದು ತಿಳಿದೆವು.

ಐದು ವರ್ಷಗಳ ತರುವಾಯ ಆಕೆ ಅದೇ ಕಾಗದವನ್ನು ಹಿಡಿದು ನನ್ನ ಮನೆಯ ಪಡಸಾಲೆಗೆ ಬಂದಳು. ಮರುಮದುವೆಯ ಮಾತು ನಡೆದಿತ್ತು. ವರನ ಕಡೆಯವರು ನ್ಯಾಯಾಲಯದ ಆದೇಶ ತೋರಿಸಿರೆಂದು ಕೇಳಿದ್ದರು.

"ಗುರುಗಳ, ಈ ಕಾಗದಕ್ಕ ಕೋರ್ಟಿನಾಗ ಬೆಲಿ ಇಲ್ಲಂತ. ಹೌದೇನ್ರಿ?"

ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಆಕೆಯನ್ನೂ ಆಕೆಯ ತಂದೆಯನ್ನೂ ಕರೆದುಕೊಂಡು ತಾಲ್ಲೂಕು ನ್ಯಾಯಾಲಯಕ್ಕೆ ಹೋದೆ. ಅದೇ ಆವರಣದಲ್ಲಿ ಕಾನೂನು ಸೇವೆಗಳ ಸಮಿತಿಯ ಕೊಠಡಿಯಿತ್ತು. ಅಲ್ಲಿದ್ದ ತರುಣ ವಕೀಲರು ಕಾಗದವನ್ನು ಓದಿ, 1955ರ ಹಿಂದೂ ವಿವಾಹ ಅಧಿನಿಯಮವನ್ನು ತೆರೆದು ತೋರಿಸಿದರು. ಅದರ ಎರಡನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳೇ ಇವೆ. ಸಮಾಜದಲ್ಲಿ ಅಂತಹ ಬಿಡುಗಡೆಯ ರೂಢಿ ಉಂಟೆಂದು ಸಾಕ್ಷಿಸಮೇತ ಸಿದ್ಧಪಡಿಸಿದ ಹೊರತು, ಪಂಚರ ಪತ್ರದಿಂದ ವಿವಾಹ ಮುಗಿಯುವುದಿಲ್ಲ. ಹಾಗೆ ನಂಬಿ ಮರುಮದುವೆಯಾದರೆ ಆ ಮದುವೆಯೇ ಅಸಿಂಧುವಾಗುವ ಭಯ. ಮಗುವಿನ ಜೀವನಾಂಶವನ್ನು ಬಿಟ್ಟುಕೊಡುವ ಅಧಿಕಾರ ತಾಯಿಗೂ ಇಲ್ಲ, ಪಂಚರಿಗೂ ಇಲ್ಲ. ನಾನು ದುಂಡಗೆ ಬರೆದ ಆ ಸಾಲು ನನ್ನನ್ನೇ ಇರಿಯಿತು. ಐದು ವರ್ಷ ಆ ಕೂಸಿಗೆ ಸಲ್ಲಬೇಕಾದುದು ಸಲ್ಲದಂತೆ ತಡೆದವರಲ್ಲಿ ನಾನೂ ಒಬ್ಬ.

"ವಕೀಲರ ಫೀ ಎಷ್ಟಾಗ್ತದ್ರಿ?" ಎಂದು ತಂದೆ ಅಂಜುತ್ತ ಕೇಳಿದರು. ಏನೂ ಇಲ್ಲವೆಂಬ ಉತ್ತರ ಬಂದಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ 1995ರಲ್ಲಿ ಜಾರಿಗೆ ಬಂದಿದೆ. ಅದರ ಹನ್ನೆರಡನೆಯ ಕಲಮಿನಂತೆ ಮಹಿಳೆಯರಿಗೂ ಮಕ್ಕಳಿಗೂ ವಕೀಲರ ನೆರವು ಉಚಿತ. ಅವರಿಗೆ ಆದಾಯದ ಮಿತಿಯಿಲ್ಲ. ಇದು ಯಾರೋ ನೀಡುವ ದಾನವಲ್ಲ, ಅವರ ಹಕ್ಕು. ಬರೆಯಲು ಬಾರದವರು ಬಾಯಿಮಾತಿನಲ್ಲಿ ಹೇಳಿದರೂ ಅಲ್ಲಿ ಬರೆದುಕೊಳ್ಳುತ್ತಾರೆ.

ಸಮಿತಿ ನೇಮಿಸಿದ ವಕೀಲರು ಎರಡೂ ಕಡೆಯವರನ್ನು ಕೂಡಿಸಿ ಮಾತನಾಡಿಸಿದರು. ಕೊನೆಗೆ ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ ಅರ್ಜಿ ಸಲ್ಲಿತು. ಆರು ತಿಂಗಳ ಅವಧಿ ಕಳೆದ ಮೇಲೆ ಆದೇಶ ದೊರೆಯಿತು. ಮಗುವಿಗೆ ಪ್ರತಿ ತಿಂಗಳ ಜೀವನಾಂಶವೂ ನಿಗದಿಯಾಯಿತು. ನಾವು ಅಂಜಿದ್ದ ಮಾನಹಾನಿ ಎಲ್ಲಿಯೂ ಆಗಲಿಲ್ಲ.

ಅಂದಿನಿಂದ ಇಂತಹ ಪತ್ರಗಳಿಗೆ ನಾನು ಲೇಖನಿ ಹಿಡಿದಿಲ್ಲ. ಯಾರಾದರೂ ಬಂದರೆ ಮದುವೆಯ ಆಮಂತ್ರಣ ಪತ್ರಿಕೆ, ಭಾವಚಿತ್ರಗಳು, ಮಗುವಿನ ಜನನ ಪ್ರಮಾಣಪತ್ರ, ಪಡಿತರ ಚೀಟಿ ಇವನ್ನು ಒಂದು ಚೀಲದಲ್ಲಿ ಇಟ್ಟುಕೊಳ್ಳಲು ಹೇಳಿ ಜೊತೆಗೆ ಹೊರಡುತ್ತೇನೆ. ಹೋಗುವ ಮುನ್ನ ವಿಚಾರಿಸಬೇಕೆಂದರೆ 15100 ಎಂಬ ದೂರವಾಣಿ ಸಂಖ್ಯೆಯಿದೆ, ಅದಕ್ಕೆ ಶುಲ್ಕವಿಲ್ಲ. ಜೀವನಾಂಶದ ಅರ್ಜಿಯನ್ನು ಹೆಂಡತಿ ತಾನು ವಾಸಿಸುವ ಸ್ಥಳದ ನ್ಯಾಯಾಲಯದಲ್ಲಿಯೇ ಸಲ್ಲಿಸಬಹುದು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನಲ್ಲಿದ್ದ ಈ ಅವಕಾಶ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಲ್ಲಿದೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟೀಸು ತಲುಪಿದ ಅರುವತ್ತು ದಿನಗಳೊಳಗೆ ಸಾಧ್ಯವಾದಮಟ್ಟಿಗೆ ತೀರ್ಮಾನಿಸಬೇಕೆಂದು ಕಾನೂನೇ ಹೇಳುತ್ತದೆ.

ಹಿರಿಯರು ನಡುವೆ ನಿಂತು ಮನಸ್ಸುಗಳನ್ನು ಕೂಡಿಸುವುದು ಪುಣ್ಯದ ಕೆಲಸ. ಅದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಕೂಡದ ಮನಸ್ಸುಗಳಿಗೆ ತೀರ್ಪು ಬರೆಯುವುದು ನಮ್ಮ ಅಧಿಕಾರವಲ್ಲ. ಹೆಣ್ಣುಮಗಳ ಮೌನವನ್ನು ಒಪ್ಪಿಗೆಯೆಂದು ಭಾವಿಸುವುದಂತೂ ಶರಣರ ಮಾರ್ಗವಲ್ಲ. ಅವರ ಅನುಭವ ಮಂಟಪದಲ್ಲಿ ಅಕ್ಕಮಹಾದೇವಿ ತನ್ನ ಮಾತನ್ನು ತಾನೇ ಆಡಿದಳೆಂದು ನಾವು ಹೆಮ್ಮೆಯಿಂದ ಪ್ರವಚನ ಮಾಡುತ್ತೇವೆ. ನಮ್ಮ ಮನೆಯ ಮಗಳು ಬಾಯಿ ತೆರೆಯುವ ಮುನ್ನವೇ ಛಾಪಾ ಕಾಗದ ತರಿಸುತ್ತೇವೆ. ಸದ್ಭಕ್ತರು ಈ ಅಂತರವನ್ನು ವಿಚಾರಿಸಬೇಕು. ಮಗಳು ತವರಿನ ಬಾಗಿಲಿಗೆ ಬಂದು ನಿಂತ ದಿನ ಮೊದಲು ಅವಳ ಮಾತನ್ನು ಕೇಳಿರಿ. ಬಳಿಕ ಅವಳ ಜೊತೆಗೆ ನ್ಯಾಯಾಲಯದ ಮೆಟ್ಟಿಲಿನವರೆಗೆ ನಡೆಯಿರಿ. ನಾನು ಐದು ವರ್ಷ ತಡವಾಗಿ ನಡೆದೆ, ನೀವು ತಡಮಾಡಬೇಡಿರಿ.