ಉಳ್ಳಾಗಡ್ಡಿ ಇಲ್ಲದ ಅಡಗಿ

ವಿಜಯಪುರದ ಮನೆಗಳಲ್ಲಿ ಉಳ್ಳಾಗಡ್ಡಿ ಹೆಚ್ಚದೆ ಒಲೆ ಹೊತ್ತುವ ದಿನಗಳು ಕಡಿಮೆ. ಶ್ರಾವಣ ಸೋಮವಾರ, ಇಲ್ಲವೇ ಸ್ವಾಮಿಗಳು ಪ್ರಸಾದಕ್ಕೆ ಬಂದ ದಿನ, ಇಷ್ಟೇ. ಈ ಬರಹಗಾರನ ಮನೆಯಲ್ಲಿ ಈಗ ಮೂರನೆಯ ಕಾರಣವೊಂದು ಹುಟ್ಟಿಕೊಂಡಿದೆ. ಅದರ ಹೆಸರು ಮೋತಿ. ತಾಯಿ ಮುಧೋಳ ತಳಿಯದು, ತಂದೆ ಯಾವ ಓಣಿಯವನೋ ಏನೋ. ಉದ್ದ ಕಾಲು, ಸಣ್ಣ ಸೊಂಟ, ಚೂಪು ಮೂತಿ ತಾಯಿಯಿಂದ ಬಂದಿವೆ. ಯಾರು ಏನು ತಿಂದರೂ ಎದುರು ಬಂದು ಕೂರುವ ಚಾಳಿ ಮಾತ್ರ ತಂದೆಯದೇ ಇರಬೇಕು.

ಮುಧೋಳ ಇಂದು ಬಾಗಲಕೋಟೆ ಜಿಲ್ಲೆಯಲ್ಲಿದ್ದರೂ 1997ರವರೆಗೆ ವಿಜಾಪುರ ಜಿಲ್ಲೆಯದೇ ಊರು. ಅಲ್ಲಿನ ಘೋರ್ಪಡೆಯವರು ಒಂದು ಕಾಲಕ್ಕೆ ಇಲ್ಲಿನ ಆದಿಲ್‌ಶಾಹಿಯ ಸರದಾರರು. ಅದೇ ಮನೆತನದ ರಾಜಾ ಮಾಲೋಜಿರಾವ ಈ ಬೇಟೆನಾಯಿಗಳನ್ನು ಆಸ್ಥೆಯಿಂದ ಬೆಳೆಸಿ, ಒಂದು ಜೋಡಿಯನ್ನು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಕೊಟ್ಟರೆಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಚಿತ್ರವಿರುವ ಅಂಚೆಚೀಟಿ ತಂದಿತು. ದೊರೆಯ ಅರಮನೆಗೆ ಹೋದವು ಏನುಂಡವೋ, ಹೊಲದಲ್ಲಿ, ಕುರಿಹಿಂಡಿನ ಹಿಂದೆ ಉಳಿದವು ಬೆಳೆದದ್ದು ಹಾಲು, ನುಚ್ಚು, ರೊಟ್ಟಿಯ ಮೇಲೆಯೇ.

ಅವ್ವನ ತಕರಾರೂ ಇದೇ. “ನಾಯಿಗಿ ಬ್ಯಾರೆ ಅಡಗಿ ಯಾಕಪಾ? ಕಡೀ ರೊಟ್ಟಿ ಅದಕ್ಕ ಅಂತ ನಮ್ಮತ್ತಿ ಕಾಲದಿಂದ ನಡದದ. ಯಾವ ನಾಯಿ ಸತ್ತದ ರೊಟ್ಟಿ ತಿಂದು?”

ಅವ್ವನ ವಾದಕ್ಕೆ ವಿಜ್ಞಾನದ ಬೆಂಬಲವೂ ಇದೆ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋಳ ಮತ್ತು ನಾಯಿಯ ವಂಶವಾಹಿಗಳನ್ನು ಹೋಲಿಸಿದರು. ಪಿಷ್ಟ ಕರಗಿಸುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ ಎರಡೇ ಪ್ರತಿ. ನಾಯಿಯಲ್ಲಿ ನಾಲ್ಕರಿಂದ ಮೂವತ್ತರವರೆಗೆ. ಮನುಷ್ಯ ಕಾಳು ಬೆಳೆದು ಉಣ್ಣತೊಡಗಿದ ಮೇಲೆ, ಅವನ ಬಾಗಿಲಲ್ಲಿ ಕಾದು ಕೂತ ಪ್ರಾಣಿಯ ಹೊಟ್ಟೆಯೂ ಕಾಳಿಗೆ ಒಗ್ಗಿತು. ರೊಟ್ಟಿಗೆ ಮೋತಿಯ ಹಕ್ಕು ಅಷ್ಟು ಹಳೆಯದು. ಹಾಗೆ ನೋಡಿದರೆ ಕಡೀ ರೊಟ್ಟಿಯೇ ಅನ್ಯಾಯ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಕ್ರಿ.ಶ. 949-50ರ ಶಾಸನ ನೆನಪಾಗುತ್ತದೆ. ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ ಗಂಗರ ಕಾಲದ ಮಣಲೆರ ನಿಲ್ಲಿಸಿದ ಕಲ್ಲು ಅದು. ಆ ಕಲ್ಲನ್ನು ಪೂಜಿಸದೆ ಉಂಡ ಪೂಜಾರಿಗೆ ಪಾಪ ತಟ್ಟುತ್ತದೆಂದು ಅದರಲ್ಲಿ ಕೊರೆಸಿದ್ದಾರೆ. ಅಲ್ಲಿ ನಾಯಿಯ ಸರದಿ ಮೊದಲು, ಮನುಷ್ಯನ ಊಟ ಆಮೇಲೆ.

ತೊಂದರೆ ಇರುವುದು ರೊಟ್ಟಿಯ ಜೊತೆಗಾರರಲ್ಲಿ. ಉಳ್ಳಾಗಡ್ಡಿ, ಬಳ್ಳೊಳ್ಳಿಗಳಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹಸಿಯಾಗಿರಲಿ, ಒಗ್ಗರಣೆಯಲ್ಲಿ ಬೆಂದಿರಲಿ, ಪರಿಣಾಮ ಒಂದೇ. ವಿಜಯಪುರದ ಕಡೆಯ ಪಲ್ಲೆಯಲ್ಲಿ ಇವೆರಡನ್ನೂ ತೆಗೆದರೆ ಉಳಿಯುವುದು ಖಾರ, ಉಪ್ಪು, ಎಣ್ಣೆ. ಅವೂ ನಾಯಿಗೆ ಹಿತವಲ್ಲ.

ಇದಕ್ಕಿಂತ ದೊಡ್ಡ ಪೇಚು ತಿಕೋಟಾದಲ್ಲಿ. ಅಲ್ಲಿ, ಬಬಲೇಶ್ವರದ ಕಡೆಗೂ, ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಮನೂಕದ ಷೆಡ್ಡುಗಳು ತುಂಬಿಕೊಳ್ಳುತ್ತವೆ. ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಲ್ಲಿ ಅದ್ದಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ನೆರಳಲ್ಲಿ ಹರವುತ್ತಾರೆ. ಸುಮಾರು ನಾಲ್ಕು ಕಿಲೋ ಹಣ್ಣು ಒಣಗಿ ಒಂದು ಕಿಲೋ ಮನೂಕ ಆಗುತ್ತದೆ. ಬರಹಗಾರನ ಕಾಕಾನ ಷೆಡ್ಡಿಗೆ ಹೋದವರ ಕೈಗೆ ಮೊದಲು ಬರುವುದು ಒಂದು ಬೊಗಸೆ ಮನೂಕ, ಆಮೇಲೆ ಚಹಾ. ಜೊತೆಗೆ ಬಂದ ಮೋತಿಗೂ ಕಾಕಾ ಅದೇ ಮರ್ಯಾದೆ ತೋರಿಸಲು ಹೊರಟರು.

“ಬ್ಯಾಡ್ರಿ ಕಾಕಾ, ನಾಯಿಗಿ ಅದು ವಿಷ.”

“ವಿಷ? ಇದನ್ನ ತಿಂದs ನಮ್ಮ ಷೆಡ್ಡಿನ ನಾಯಿ ಹಿಂಗ ದುಂಡಗ ಆಗ್ಯಾವು.”

ಕಾಕಾನನ್ನು ನೋಡಿ ನಗುವಂತಿಲ್ಲ. ಪಶುವೈದ್ಯರಿಗೇ ಬಹಳ ದಿನ ಗೊತ್ತಿರಲಿಲ್ಲ. ದ್ರಾಕ್ಷಿ, ಮನೂಕ ತಿಂದ ನಾಯಿಗಳ ಮೂತ್ರಪಿಂಡ ಕೈಕೊಟ್ಟ ಪ್ರಕರಣಗಳನ್ನು ಅಮೆರಿಕದ ಪ್ರಾಣಿ ವಿಷಚಿಕಿತ್ಸಾ ತಜ್ಞರು 2001ರಲ್ಲಿ ಒಟ್ಟುಗೂಡಿಸಿ ಮುಂದಿಟ್ಟರು. ಕಾರಣದ ಸುಳಿವು ಸಿಕ್ಕಿದ್ದು ಅದಾದ ಇಪ್ಪತ್ತು ವರ್ಷಕ್ಕೆ. ದ್ರಾಕ್ಷಿಯ ಟಾರ್ಟಾರಿಕ್ ಆಮ್ಲವೇ ಅಪರಾಧಿ ಇರಬೇಕೆಂದು 2021ರಲ್ಲಿ ಅಲ್ಲಿನ ತಜ್ಞರು ಬರೆದರು. ತಳಿ, ಹಣ್ಣಿನ ಪಕ್ವತೆಗೆ ತಕ್ಕಂತೆ ಈ ಆಮ್ಲದ ಪ್ರಮಾಣ ಏರುಪೇರಾಗುತ್ತದೆ. ಅದಕ್ಕೇ ಒಂದು ನಾಯಿ ಬುಟ್ಟಿ ಬರಿದು ಮಾಡಿಯೂ ಓಡಾಡಿಕೊಂಡಿರುತ್ತದೆ, ಇನ್ನೊಂದು ನಾಲ್ಕು ಕಾಳಿಗೆ ಮಲಗುತ್ತದೆ. ಇಷ್ಟು ತಿಂದರೆ ಚಿಂತೆಯಿಲ್ಲ ಎನ್ನುವ ಗಡಿ ಯಾರಿಗೂ ಗೊತ್ತಿಲ್ಲ. ಹುಣಸೆಹಣ್ಣಿನಲ್ಲೂ ಅದೇ ಆಮ್ಲ. ಅಲ್ಲಿಗೆ ಸಾರೂ ಹೋಯಿತು.

ಉಳಿದದ್ದು ಗಜ್ಜರಿ, ಗೆಣಸು, ಕುಂಬಳಕಾಯಿ. ಪ್ಯಾಟಿಯಲ್ಲಿ ಅಗ್ಗಕ್ಕೆ ಸಿಗುವವು, ಮನೆಯಲ್ಲಿ ಬಂದವರಿಗೆ ಬಡಿಸಲು ಯಾರೂ ಮುಂದಾಗದವು. ನಾಯಿಯ ತಿಂಡಿ ಇವುಗಳಿಂದಲೇ ಹುಟ್ಟುತ್ತದೆ. ಜೋಳದ ಹಿಟ್ಟಿಗೆ ಜಿಗಿ ಇಲ್ಲ, ರೊಟ್ಟಿ ಬಡಿಯುವವರಿಗೆಲ್ಲ ಗೊತ್ತು. ಅದಕ್ಕೇ ಕುದಿಯುವ ಎಸರು ಬೇಕು. ಇಲ್ಲಿ ಎಸರಿನ ಕೆಲಸವನ್ನು ಕುದಿಸಿದ ಗೆಣಸು ಮಾಡುತ್ತದೆ. ಸಿಪ್ಪೆ ತೆಗೆದು ಬಿಸಿ ಇರುವಾಗಲೇ ಹಿಚುಕಿ, ಕುಂಬಳದ ತಿರುಳು, ಗಜ್ಜರಿ ತುರಿ, ಹಿಡಿಸಿದಷ್ಟು ಹಿಟ್ಟು ಹಾಕಿ ನಾದಬೇಕು. ಹುರಿದ ಶೇಂಗಾ ಪುಡಿ ಒಂದು ಚಮಚ ಇದ್ದರೆ ಮೋತಿ ಹಿತ್ತಲಿಂದಲೇ ವಾಸನೆ ಹಿಡಿದು ಬರುತ್ತದೆ. ಉಪ್ಪು, ಬೆಲ್ಲ ಬೇಡ. ತೆಳ್ಳಗೆ ಬಡಿದು, ಬೆರಳಗಲದ ಪಟ್ಟಿ ಕೊಯ್ದು, ಸಣ್ಣ ಉರಿಯಲ್ಲಿ ಹಂಚಿನ ಮೇಲೆ ಎರಡೂ ಕಡೆ ಬೇಯಿಸಿ, ಮಾಳಿಗೆಯ ಬಿಸಿಲಿಗೆ ಬಿಟ್ಟರೆ ಕೆಲಸ ಮುಗಿಯಿತು. ಎಪ್ರಿಲ್ಲಿನ ವಿಜಯಪುರದಲ್ಲಿ ಓವನ್ ಕೊಳ್ಳುವುದು ದಂಡ. ಮುರಿದಾಗ ಖಡಕ್ಕೆಂದರೆ ಡಬ್ಬಿಗೆ ತುಂಬಬಹುದು. ಬಾಗಿದರೆ ಒಳಗೆ ನೀರಿನಂಶ ಉಳಿದಿದೆ, ಬೂಸಲು ಹಿಡಿಯುತ್ತದೆ. ದಿನದ ಆಹಾರದ ಕ್ಯಾಲೊರಿಯಲ್ಲಿ ಇಂಥ ತಿಂಡಿ ಹತ್ತನೇ ಒಂದು ಪಾಲು ಮೀರಬಾರದೆಂದು ಪಶುವೈದ್ಯರ ಲೆಕ್ಕ. ಮೋತಿ ಈ ಲೆಕ್ಕವನ್ನು ಒಪ್ಪಿಲ್ಲ.

ನಾಯಿಗೆ ತರಕಾರಿ ತಿಂಡಿ ಈಗಿನವರ ಶೋಕಿ ಎನ್ನುವವರಿಗೆ ಜೇಮ್ಸ್ ಸ್ಪ್ರಾಟ್‌ನ ಕಥೆ ಹೇಳಬೇಕು. ಸಿಡಿಲು ತಡೆಯುವ ಸಲಾಕೆ ಮಾರಲು ಅಮೆರಿಕದಿಂದ ಲಂಡನ್ನಿಗೆ ಹೋದ ಈತ, ಹಡಗಿನವರು ಎಸೆದ ಗಟ್ಟಿ ಬಿಸ್ಕತ್ತಿಗೆ ಬಂದರಿನ ನಾಯಿಗಳು ಮುಗಿಬೀಳುವುದನ್ನು ಕಂಡನಂತೆ. 1860ರ ಸುಮಾರಿಗೆ ತಾನೇ ನಾಯಿ ಬಿಸ್ಕತ್ತು ಮಾಡಿ ಮಾರತೊಡಗಿದ. ಕಾರ್ಖಾನೆಯ ನಾಯಿ ತಿಂಡಿಗೆ ಅದೇ ಮೊದಲು. ಅದರಲ್ಲಿ ಗೋಧಿ ಹಿಟ್ಟು, ಮಾಂಸದ ಜೊತೆಗೆ ತರಕಾರಿ ಮತ್ತು ಬೀಟ್‌ರೂಟ್ ಇದ್ದವು. ಆತನ ಕಂಪನಿಯಲ್ಲಿ ದುಡಿದ ಚಾರ್ಲ್ಸ್ ಕ್ರಫ್ಟ್ 1891ರಲ್ಲಿ ತನ್ನ ಹೆಸರಲ್ಲೇ ಶ್ವಾನ ಪ್ರದರ್ಶನ ಶುರು ಮಾಡಿದ. ಇಂದಿಗೂ ಅದು ನಡೆಯುತ್ತಿದೆ. ನಾಯಿ ಬಿಸ್ಕತ್ತಿನ ಮೂಲದಲ್ಲಿ ಇದ್ದದ್ದು ಮಾತ್ರ ನಾವಿಕರ ಬುತ್ತಿ. ಖಡಕ್ ರೊಟ್ಟಿ ಕಟ್ಟಿಕೊಂಡು ಪಂಢರಪುರಕ್ಕೆ ನಡೆದುಹೋಗುವ ಈ ಕಡೆಯ ಜನ ಅದನ್ನು ನೋಡಿದ್ದರೆ ಅಷ್ಟೇನೂ ಬೆರಗಾಗುತ್ತಿರಲಿಲ್ಲ.

ಕಾಕಾ ಮೊನ್ನೆ ವಿಜಯಪುರಕ್ಕೆ ಬಂದವರು ಕಟ್ಟೆಯ ಮೇಲಿದ್ದ ಡಬ್ಬಿ ತೆಗೆದು, ಯಾರನ್ನೂ ಕೇಳದೆ ನಾಲ್ಕು ಪಟ್ಟಿ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದರು. “ಉಪ್ಪು ಮರತೀರಿ ನೋಡವಾ” ಎಂದು ಅವ್ವನಿಗೆ ಹೇಳಿದರು. ಮೋತಿ ಅವರ ಮೊಣಕಾಲಿಗೆ ಮೂತಿ ಒತ್ತಿ ಕೂತಿತ್ತು. ವಿಷಯ ತಿಳಿದ ಮೇಲೂ ಅವರೇನು ಡಬ್ಬಿ ಕೆಳಗಿಡಲಿಲ್ಲ. ತಮ್ಮ ಷೆಡ್ಡಿನ ನಾಯಿಗಳಿಗೂ ಒಂದು ಡಬ್ಬಿ ಕಟ್ಟಿಸಿಕೊಂಡರು.