ಗೂಡಿನ ಸಂತೆ, ಮತದ ಸಂತೆ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ವ್ಯಾಪಾರ ನಡೆಯುವುದು ಹತ್ತು ಜನರ ಕಣ್ಣೆದುರಿಗೆ. ಹೆಚ್ಚುಕಡಿಮೆ ಒಂದು ತಿಂಗಳು ಹಿಪ್ಪುನೇರಳೆ ಸೊಪ್ಪು ಉಣಿಸಿ, ನಿದ್ದೆಗೆಟ್ಟು ಪಡೆದ ಗೂಡನ್ನು ರೈತನು ಅಲ್ಲಿ ಹರವುತ್ತಾನೆ. ರೀಲರನು ಅದನ್ನು ಕೈಯಲ್ಲಿ ಹಿಡಿದು ನೋಡಿ ಹರಾಜಿನಲ್ಲಿ ಬೆಲೆ ಕಟ್ಟುತ್ತಾನೆ. ಕೊಂಡವರು ಯಾರು, ಎಷ್ಟಕ್ಕೆ ಕೊಂಡರು ಎಂಬುದು ಲೆಕ್ಕಕ್ಕೆ ಸೇರುತ್ತದೆ. ಇದು ತಾನಾಗಿ ಬಂದ ಏರ್ಪಾಡಲ್ಲ. ಕೊಳ್ಳುವವರು ಕೆಲವರು, ಮಾರುವವರು ಹಲವರು ಆದಲ್ಲಿ ಆ ಕೆಲವರ ಮಾತೇ ಬೆಲೆಯಾಗಿಬಿಡುತ್ತದೆ. ಗೂಡಿನ ವ್ಯಾಪಾರವನ್ನು 1959ರ ಕಾನೂನು ನಿಯಂತ್ರಣಕ್ಕೆ ಒಳಪಡಿಸಿತು.

ರಾಜಕೀಯವೆಂಬ ಸಂತೆಯ ಗುಟ್ಟೂ ಇದೇ. ಸರ್ಕಾರದ ಒಂದು ಆಜ್ಞೆಯಿಂದ ಹತ್ತು ಮಂದಿಗೆ ಕೋಟಿಗಟ್ಟಲೆ ಲಾಭವಾಗುವಂತಿದ್ದರೆ, ಆ ಹತ್ತು ಮಂದಿ ಒಂದೇ ಸಂಜೆಯಲ್ಲಿ ಒಂದುಗೂಡುತ್ತಾರೆ. ಅದರ ನಷ್ಟ ಲಕ್ಷ ಮನೆಗಳಿಗೆ ಹಂಚಿಹೋದರೆ ಪ್ರತಿ ಮನೆಗೂ ಬೀಳುವುದು ಚಿಟಿಕೆಯಷ್ಟು. ಅದಕ್ಕಾಗಿ ಕೆಲಸ ಬಿಟ್ಟು ಹೋರಾಡುವವರು ಯಾರು? ಹಾಗೆಂದು ಸಂಘ ಕಟ್ಟುವುದೇ ತಪ್ಪೆನ್ನಲಾಗದು. ಸಂಘವಿಲ್ಲದವನ ಕೂಗು ವಿಧಾನಸೌಧದ ಮೆಟ್ಟಿಲನ್ನೂ ಮುಟ್ಟದು. 2016ರ ಮಾರ್ಚ್ ತಿಂಗಳಲ್ಲಿ ಶಾಶ್ವತ ನೀರಾವರಿಯನ್ನು ಬೇಡಿ ಈ ಬಯಲುಸೀಮೆಯ ರೈತರು ಚಿಕ್ಕಬಳ್ಳಾಪುರದಿಂದ ಟ್ರ್ಯಾಕ್ಟರುಗಳಲ್ಲಿ ಬೆಂಗಳೂರಿಗೆ ಹೊರಟರು. ಲಾಠಿಯ ಪೆಟ್ಟನ್ನೂ ತಿಂದರು. ಅದೂ ಒಂದು ಹಿತಾಸಕ್ತಿಯೇ. ಆದರೆ ಅವರು ಯಾರು, ಅವರಿಗೆ ಬೇಕಾದುದೇನು ಎಂಬುದನ್ನು ಹೆದ್ದಾರಿಯುದ್ದಕ್ಕೂ ನಾಡೇ ಕಂಡಿತು.

ಹಣದ ಥೈಲಿಗೆ ಇಂಥ ಮೆರವಣಿಗೆ ಬೇಕಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದೆಂಬುದು ಗೃಹಸ್ಥರ ಧರ್ಮ. ಪಕ್ಷಗಳೂ ಈ ಧರ್ಮವನ್ನು ಪಾಲಿಸತೊಡಗಿದರೆ ಮತದಾರನ ಗತಿಯೇನು? ಉಂಡದ್ದು ಯಾರ ಮನೆಯಲ್ಲಿ ಎಂದಾದರೂ ಅವನಿಗೆ ತಿಳಿಯಬೇಡವೆ? 2018ರ ಜನವರಿಯಲ್ಲಿ ಜಾರಿಗೆ ಬಂದ ಚುನಾವಣಾ ಬಾಂಡ್ ಯೋಜನೆ ಅದನ್ನೇ ಮುಚ್ಚಿಟ್ಟಿತು. ಸ್ಟೇಟ್ ಬ್ಯಾಂಕಿನಲ್ಲಿ ಬಾಂಡ್ ಕೊಂಡು ಪಕ್ಷಕ್ಕೆ ಕೊಟ್ಟವರ ಹೆಸರು ಜನರ ಪಾಲಿಗೆ ಗುಪ್ತ. ಕಂಪನಿಗಳು ಲಾಭದ ಶೇಕಡ 7.5ಕ್ಕಿಂತ ಹೆಚ್ಚು ಕೊಡಬಾರದೆಂಬ ಹಳೆಯ ಕಟ್ಟಳೆಯನ್ನು 2017ರಲ್ಲೇ ತೆಗೆದುಹಾಕಲಾಗಿತ್ತು. ಹೀಗೆ 16,000 ಕೋಟಿ ರೂಪಾಯಿಗೂ ಮೀರಿದ ಹಣ ಹರಿಯಿತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಈ ಯೋಜನೆಯನ್ನು ರದ್ದುಪಡಿಸಿದರು. ಕೊಂಡವರ ಹೆಸರುಗಳು ಬೆಳಕಿಗೆ ಬಂದುದು ಮಾರ್ಚ್ ತಿಂಗಳಲ್ಲಿ.

ಇನ್ನು ವೆಚ್ಚದ ಮಾತು. ಕರ್ನಾಟಕದಲ್ಲಿ ಲೋಕಸಭಾ ಅಭ್ಯರ್ಥಿಯೊಬ್ಬರ ವೆಚ್ಚಕ್ಕೆ 2022ರಲ್ಲಿ ಗೊತ್ತುಪಡಿಸಿದ ಮಿತಿ 95 ಲಕ್ಷ ರೂಪಾಯಿ. ಅವರ ಪಕ್ಷ ಮಾಡುವ ವೆಚ್ಚಕ್ಕೆ ಮಿತಿಯೇ ಇಲ್ಲ. ಕೆರೆಗೆ ಅರ್ಧ ಏರಿ ಕಟ್ಟಿ ನೀರು ನಿಲ್ಲಲಿ ಎಂದಂತಾಯಿತು! 2024ರಲ್ಲಿ ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರದ ಮತದಾನ ನಡೆದದ್ದು ಏಪ್ರಿಲ್ 26ರಂದು. ಅದರ ಹೊಸ್ತಿಲಲ್ಲಿ ಚುನಾವಣಾಧಿಕಾರಿಗಳ ತಂಡ 4.8 ಕೋಟಿ ರೂಪಾಯಿಯನ್ನು ವಶಪಡಿಸಿಕೊಂಡಿತು. 25ರಂದು ಮೊಕದ್ದಮೆ ದಾಖಲಾಯಿತು. ಆ ಹಣ ಯಾರದು, ಯಾತಕ್ಕೆ ಎಂಬ ತೀರ್ಪು ನ್ಯಾಯಾಲಯಕ್ಕೆ ಸೇರಿದ್ದು. ಆದರೆ ಅದು ಒಬ್ಬ ಅಭ್ಯರ್ಥಿಯ ಮಿತಿಯ ಐದು ಪಟ್ಟು ಎಂಬುದನ್ನು ತಿಳಿಯಲು ನ್ಯಾಯಾಲಯ ಬೇಡ, ಮಗ್ಗಿ ಸಾಕು.

ಏಪ್ರಿಲ್ 25 ಈ ಸೀಮೆಗೆ ಸಾಮಾನ್ಯ ದಿನವಲ್ಲ. 1938ರ ಅದೇ ದಿನ, ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಧ್ವಜಸತ್ಯಾಗ್ರಹಕ್ಕೆಂದು ನೆರೆದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಂದಿನ ಮೈಸೂರು ಕಾಂಗ್ರೆಸ್ಸಿನ ಬೇಡಿಕೆ ಜವಾಬ್ದಾರಿ ಸರ್ಕಾರ. ಎಂದರೆ, ಪ್ರಜೆಗೆ ಲೆಕ್ಕ ಒಪ್ಪಿಸುವ ಸರ್ಕಾರ. ಅಲ್ಲಿ ಮಡಿದವರು ಅದಕ್ಕೆ ಪ್ರಾಣವನ್ನೇ ತೆತ್ತರು. ಅವರ ಮಕ್ಕಳು ಮೊಮ್ಮಕ್ಕಳ ಕೈಗೆ ಮತವೇನೋ ಬಂದಿತು. ಲೆಕ್ಕ ಮಾತ್ರ ಇನ್ನೂ ಪೂರ್ತಿಯಾಗಿ ಬಂದಿಲ್ಲ. ಪಕ್ಷಗಳು ಪಡೆದ ಹಣದ ವಿವರ ಮತದಾನದ ಅನಂತರವಲ್ಲ, ಮೊದಲೇ ಊರೆದುರಿಗೆ ಬರಬೇಕು. ರೇಷ್ಮೆಗೂಡಿಗೆ ಸಲ್ಲುವ ಮರ್ಯಾದೆ ಮತಕ್ಕೂ ಸಲ್ಲದೆ ಹೋದರೆ, ಬೆಲೆ ಕಟ್ಟುವವರು ಕೆಲವರು, ತೆರುವವರು ಹಲವರು.